ಕನ್ನಡ ನಾಡಿನ ದನಗಳೂ ಹಾಲಿನ ಲೆಕ್ಕವೂ

ಭಾರತದ ದನಕರುಗಳ ಇಪ್ಪತ್ತೊಂದನೆಯ ಗಣತಿಯು ೨೦೨೪ನೆಯ ಇಸವಿಯ ಅಕ್ಟೋಬರ ತಿಂಗಳಲ್ಲಿ ಮೊದಲಾಯಿತು. ಮನುಷ್ಯರ ಖಾನೇಸುಮಾರಿಯಾದಾಗ ಪತ್ರಿಕೆಗಳು ಪುಟಗಟ್ಟಲೆ ಬರೆಯುವವು. ಜಾತಿ, ಭಾಷೆ, ಪಂಗಡಗಳ ಸಂಖ್ಯೆಯನ್ನು ಕುರಿತು ಊರೂರಿಗೆ ಸಭೆಗಳಾಗುವವು. ದನಗಳನ್ನು ಎಣಿಸುವವರು ಬಂದರೆ ಮಾತ್ರ ಯಾರೂ ತಲೆಯೆತ್ತಿ ನೋಡುವದಿಲ್ಲ. ೧೯೧೯-೨೦ರಿಂದ ಒಂದು ಶತಮಾನಕ್ಕೂ ಮೇಲ್ಪಟ್ಟು ನಡೆದುಬಂದಿರುವ ಈ ಕಾರ್ಯದಿಂದ ದೊರೆತ ಅಂಕೆಗಳು ಕಚೇರಿಯ ಕಪಾಟುಗಳನ್ನು ಸೇರುವವೇ ಹೊರತು, ದನ ಕಟ್ಟಿದವನ ಮನೆಯನ್ನಾಗಲಿ ಹಾಲು ಕೊಳ್ಳುವವನ ಮನೆಯನ್ನಾಗಲಿ ಮುಟ್ಟುವದಿಲ್ಲ. ಆದರೆ ಈ ಅಂಕೆಗಳಿಗೆ ನಮ್ಮ ಹಳ್ಳಿಗಳ ಹುಲ್ಲುಗಾವಲಿನ ಮೇಲೆ ಕೂಡ ಅಧಿಕಾರವುಂಟೆಂಬದನ್ನು ಬಲ್ಲವರು ಬಹು ವಿರಳ. ಆ ಮಾತನ್ನು ಮುಂದೆ ಹೇಳುವೆವು. ಅದಕ್ಕೆ ಮೊದಲು ವಾಚಕರು ನಮ್ಮೊಡನೆ ಸ್ವಲ್ಪ ಲೆಕ್ಕ ನೋಡಬೇಕೆಂದು ಬೇಡುವೆವು.

ಕರ್ನಾಟಕದಲ್ಲಿ ೨೦೦೭ರ ಗಣತಿಯಂತೆ ಆಕಳು, ಎತ್ತು, ಹೋರಿ, ಕರುಗಳೆಲ್ಲ ಕೂಡಿ ೧೦೫ ಲಕ್ಷ ಇದ್ದವು; ಎಮ್ಮೆ ಕೋಣಗಳು ೪೩ ಲಕ್ಷ. ೨೦೧೨ರಲ್ಲಿ ದನಗಳು ೯೫ ಲಕ್ಷಕ್ಕೂ ಎಮ್ಮೆಗಳು ೩೫ ಲಕ್ಷದ ಸಮೀಪಕ್ಕೂ ಇಳಿದವು. ೨೦೧೯ರಲ್ಲಿ ಎಣಿಸಿದಾಗ ಉಳಿದದ್ದು ದನಗಳು ೮೫ ಲಕ್ಷ, ಎಮ್ಮೆಗಳು ೩೦ ಲಕ್ಷದಷ್ಟು. ಅಂದರೆ ಹನ್ನೆರಡು ವರ್ಷಗಳಲ್ಲಿ ನಮ್ಮ ಕೊಟ್ಟಿಗೆಗಳಿಂದ ೩೩ ಲಕ್ಷಕ್ಕೂ ಹೆಚ್ಚು ಜೀವಗಳು ಕಡಿಮೆಯಾದವು. ಇನ್ನು ಹಾಲಿನ ಲೆಕ್ಕ. ೨೦೦೭-೦೮ರಲ್ಲಿ ರಾಜ್ಯದಲ್ಲಿ ಹುಟ್ಟಿದ ಹಾಲು ಸುಮಾರು ೪೨ ಲಕ್ಷ ಟನ್ನು. ೨೦೧೮-೧೯ರಲ್ಲಿ ೭೯ ಲಕ್ಷ ಟನ್ನು. ದನ ನಾಲ್ಕನೆಯ ಒಂದು ಪಾಲಿನ ಸಮೀಪದಷ್ಟು ಕಡಿಮೆಯಾಯಿತು, ಹಾಲು ಇಮ್ಮಡಿಯ ಸಮೀಪಕ್ಕೆ ಏರಿತು. ಅಲ್ಲಿಂದ ಎರಡೇ ವರ್ಷಗಳಲ್ಲಿ, ಅಂದರೆ ೨೦೨೦-೨೧ಕ್ಕೆ, ಈ ೭೯ ಲಕ್ಷವು ೧೦೯ ಲಕ್ಷ ಟನ್ನಾಯಿತೆಂದು ಸರಕಾರದ ವರದಿಗಳು ಹೇಳುವವು. ಈ ಕೊನೆಯ ಜಿಗಿತವನ್ನು ನಾವು ಸ್ವಲ್ಪ ಸಂಶಯದಿಂದಲೇ ಓದಿದೆವು. ಹಾಲಿನ ಅಂಕೆಯು ಪ್ರತಿಯೊಂದು ಚರಿಗೆಯನ್ನು ಅಳೆದು ಬಂದದ್ದಲ್ಲ. ಆಯ್ದ ಹಳ್ಳಿಗಳಲ್ಲಿ ಕರೆದು ನೋಡಿ, ಬಂದ ಸರಾಸರಿಯನ್ನು ಕರೆಯುವ ದನಗಳ ಸಂಖ್ಯೆಯಿಂದ ಗುಣಿಸಿ ತೆಗೆದದ್ದು. ಗುಣಿಸುವ ಸಂಖ್ಯೆಯು ಬದಲಾದರೆ ಉತ್ತರವೂ ಬದಲಾಗುವದೆಂಬದನ್ನು ನಮ್ಮ ಶಿಕ್ಷಕ ಬಂಧುಗಳಿಗೆ ಬಿಡಿಸಿ ಹೇಳಬೇಕಾಗಿಲ್ಲ. ಆದರೂ ಆ ಜಿಗಿತವನ್ನು ಬದಿಗಿಟ್ಟು ನೋಡಿದರೂ ಏರಿಕೆಯು ನಿಜವಾದದ್ದೇ. ೨೦೨೪ರ ಜೂನ್ ತಿಂಗಳಲ್ಲಿ ಕರ್ನಾಟಕ ಹಾಲು ಮಹಾಮಂಡಲವು ಒಂದೇ ದಿನದಲ್ಲಿ ಒಂದು ಕೋಟಿ ಲೀಟರು ಹಾಲನ್ನು ಸಂಗ್ರಹಿಸಿತು. ಅದು ಅಂದಾಜಲ್ಲ, ಅಳೆದದ್ದು.

ಈ ಎರಡು ಅಂಕೆಗಳನ್ನು ಎದುರಿಗಿಟ್ಟುಕೊಂಡು ಎರಡು ಬಗೆಯ ಜನ ಮಾತನಾಡುವರು. ಗೋಧನವು ನಾಶವಾಯಿತು, ನಾಡು ಬರಿದಾಯಿತು ಎಂದು ಒಬ್ಬರು ಎದೆ ಬಡಿದುಕೊಳ್ಳುವರು. ಕ್ಷೀರಸಾಗರವೇ ಹರಿಯಿತೆಂದು ಇನ್ನೊಬ್ಬರು ಡಂಗುರ ಹೊಡೆಯುವರು. ಇಬ್ಬರೂ ಅರ್ಧ ಪುಟವನ್ನು ಮಾತ್ರ ಓದಿದವರು.

ಮೊದಲು ಅಳುವವರ ಮಾತು. ಇಳಿದದ್ದು ಯಾವದು? ೨೦೧೯ರ ಗಣತಿಯಲ್ಲಿ ಇಡಿಯ ದೇಶದ ದನಗಳ ಸಂಖ್ಯೆಯು ೧೯ ಕೋಟಿ ೨೫ ಲಕ್ಷದ ಹತ್ತಿರ ನಿಂತು, ಹಿಂದಿನ ಗಣತಿಗಿಂತ ನೂರಕ್ಕೆ ಒಂದರಷ್ಟೂ ಹೆಚ್ಚಲಿಲ್ಲ. ಆದರೆ ಒಳಗೆ ನೋಡಿದರೆ ಹೆಣ್ಣು ದನಗಳು ನೂರಕ್ಕೆ ೧೮ರಂತೆ ಹೆಚ್ಚಿದ್ದವು, ಗಂಡು ದನಗಳು ನೂರಕ್ಕೆ ೩೦ರಂತೆ ಕುಸಿದಿದ್ದವು. ಹೋದದ್ದು ಎತ್ತು. ಭದ್ರಾ ಕಾಲುವೆಯ ನೀರುಂಡ ಹರಿಹರ ದಾವಣಗೆರೆ ತಾಲೂಕುಗಳ ಗದ್ದೆಗಳನ್ನು ನೋಡಿದವರಿಗೆ ಇದರ ಕಾರಣವನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಉಳುವದು ಟ್ರ್ಯಾಕ್ಟರು, ಕೆಸರು ಹದ ಮಾಡುವದು ಟಿಲ್ಲರು, ಕೊಯ್ಯುವದು ಯಂತ್ರ, ಸಾಗಿಸುವದು ಮತ್ತೆ ಟ್ರ್ಯಾಕ್ಟರು. ವರ್ಷದಲ್ಲಿ ಮೂವತ್ತು ನಾಲ್ವತ್ತು ದಿನದ ದುಡಿಮೆಗಾಗಿ ಒಂದು ಜೊತೆ ಎತ್ತನ್ನು ಮುನ್ನೂರರವತ್ತೈದು ದಿನ ಮೇಯಿಸಲು ಒಕ್ಕಲಿಗನು ಒಪ್ಪದಿದ್ದರೆ ಅವನನ್ನು ಧರ್ಮಭ್ರಷ್ಟನೆಂದು ಬಯ್ಯುವದು ಪಟ್ಟಣದಲ್ಲಿ ಕುಳಿತವರಿಗೆ ಸುಲಭ. ಕಾರಹುಣ್ಣಿಮೆಯ ದಿನ ಕರಿ ಹರಿಯಲು ಎತ್ತು ಸಿಕ್ಕದ ಊರುಗಳನ್ನು ಕುರಿತು ನಮಗೂ ಮರುಕವಿದೆ. ಆದರೆ ಹಬ್ಬಕ್ಕಾಗಿ ಎತ್ತು ಸಾಕಿರೆಂದು ಯಾರಿಗೆ ಹೇಳೋಣ?

ನಾಟಿ ತಳಿಗಳನ್ನು ಕುರಿತ ಶೋಕಕ್ಕೂ ಇದೇ ಉತ್ತರದಲ್ಲಿ ಒಂದು ಪಾಲು ಸಲ್ಲುವದು. ಮೈಸೂರು ಅರಸರಾದ ಚಿಕ್ಕದೇವರಾಜ ಒಡೆಯರ ಕಾಲದಲ್ಲಿ ಬೆಣ್ಣೆ ಚಾವಡಿಯೆನ್ನಿಸಿ, ಟೀಪೂ ಸುಲ್ತಾನನಿಂದ ಅಮೃತ ಮಹಲೆಂಬ ಹೆಸರನ್ನು ಪಡೆದ ದನಗಳು ನಮ್ಮ ನಾಡಿನ ಹೆಮ್ಮೆಯವು. ಹೆಸರಿನಲ್ಲಿ ಅಮೃತವಿದ್ದರೂ ಅವುಗಳ ಕೀರ್ತಿ ಹಾಲಿನಿಂದ ಬಂದದ್ದಲ್ಲ, ನಡಿಗೆಯಿಂದ ಬಂದದ್ದು; ತೋಪು ಸಾಮಾನುಗಳನ್ನೆಳೆದು ಸೈನ್ಯದ ಜೊತೆಗೆ ಓಡುವದಕ್ಕೆ ಬೆಳೆಸಿದ ತಳಿ ಅದು. ಹಳ್ಳಿಕಾರವೂ ಕೃಷ್ಣಾತೀರದ ದನವೂ ದುಡಿಮೆಯ ದನಗಳೇ. ದುಡಿಮೆಯು ಯಂತ್ರಕ್ಕೆ ಹೋದ ಮೇಲೆ ಅವು ಒಕ್ಕಲಿಗನ ಜೇಬಿನ ಬಲದಿಂದ ಬದುಕಲಾರವು. ಅವನ್ನು ಉಳಿಸುವದು ನಾಡಿನ ಕರ್ತವ್ಯವಾದರೆ ಅದರ ವೆಚ್ಚವೂ ನಾಡಿನದೇ ಆಗಬೇಕು. ೧೯೨೯ರಿಂದ ಅಜ್ಜಂಪುರದಲ್ಲಿ ನಡೆದುಬಂದಿರುವ ತಳಿಕೇಂದ್ರಕ್ಕೆ ಬೇಕಾದದ್ದು ಕಣ್ಣೀರಲ್ಲ, ಕಾವಲು ಭೂಮಿ.

ಎಮ್ಮೆಯ ಮಾತು ಬೇರೆ. ಅದು ದುಡಿಯುವ ದನವಲ್ಲ, ಕರೆಯುವ ದನ. ಆದರೂ ಹನ್ನೆರಡು ವರ್ಷಗಳಲ್ಲಿ ೪೩ ಲಕ್ಷದಿಂದ ೩೦ ಲಕ್ಷಕ್ಕೆ ಇಳಿಯಿತು. ಎಮ್ಮೆಗೆ ಕೆರೆಯ ನೀರು ಬೇಕು, ಮೇಯುವದಕ್ಕೆ ಬಯಲು ಬೇಕು; ಕರು ಹಾಕಲು ಅದು ಹಸುವಿಗಿಂತ ಹೆಚ್ಚು ಕಾಲ ತೆಗೆದುಕೊಳ್ಳುವದು. ಹಾಲು ಮಾತ್ರ ಗಟ್ಟಿ. ಮಿಶ್ರತಳಿಯ ಹಸುವಿನ ಹಾಲಿನಲ್ಲಿ ಕೊಬ್ಬು ನೂರಕ್ಕೆ ಮೂರೂವರೆ ನಾಲ್ಕರಷ್ಟಿದ್ದರೆ ಎಮ್ಮೆಯ ಹಾಲಿನಲ್ಲಿ ಆರು ಏಳರವರೆಗೆ ಇರುವದು. ದಾವಣಗೆರೆಯವರಿಗಂತೂ ಈ ವಿಷಯವು ನಾಲಗೆಗೆ ಸಂಬಂಧಪಟ್ಟದ್ದು. ೧೯೨೮ರ ಸುಮಾರಿಗೆ ಬೆಳಗಾವಿ ಸೀಮೆಯಿಂದ ಬಂದ ಚೆನ್ನಮ್ಮನೆಂಬ ಹೆಣ್ಣುಮಗಳು ನಾಟಕದ ಥೇಟರಿನ ಬಳಿ ದೋಸೆ ಮಾರತೊಡಗಿದಳೆಂದೂ, ಅದೇ ಇಂದು ನಾಡೆಲ್ಲ ಹೆಸರಾದ ಬೆಣ್ಣೆದೋಸೆಯ ಮೂಲವೆಂದೂ ಊರಿನಲ್ಲಿ ಹೇಳುವರು. ಮುಂಬಯಿ ಪ್ರಾಂತದ ಕನ್ನಡತಿಯು ಮೈಸೂರು ಸಂಸ್ಥಾನದ ಕನ್ನಡಿಗರಿಗೆ ಉಣಬಡಿಸಿದ ಈ ತಿಂಡಿಯು ಬೆಣ್ಣೆಯ ಸಮೃದ್ಧಿಯ ಮೇಲೆ ನಿಂತದ್ದು. ಮನೆಯಲ್ಲಿ ಹೆಪ್ಪು ಹಾಕಿ ಕಡೆದು ಬೆಣ್ಣೆ ತೆಗೆಯುವ ಮನೆಗಳು ಕಡಿಮೆಯಾದವು. ಹಾಲೆಲ್ಲವೂ ಬೆಳಗಾಗುವದರೊಳಗೆ ಸಂಘದ ಕ್ಯಾನನ್ನು ಸೇರುವದರಿಂದ ಹಳ್ಳಿಯಲ್ಲಿ ಮಜ್ಜಿಗೆಯೂ ಹಾಗೆ ಸಿಕ್ಕುವದಿಲ್ಲ. ಒಂದು ಕಾಲಕ್ಕೆ ಕೇಳಿದವರಿಗೆ ಇಲ್ಲವೆನ್ನದೆ ಸುರಿಯುತ್ತಿದ್ದ ಆ ಮಜ್ಜಿಗೆಯು ಯಾವ ಗಣತಿಯಲ್ಲಿಯೂ ಬಂದದ್ದಿಲ್ಲ, ಹೋದದ್ದೂ ಬರಲಾರದು.

ಹಾಲು ಏರಿದ್ದು ಹೇಗೆ? ಇದಕ್ಕೂ ನಮ್ಮ ನಾಡಿನಲ್ಲಿ ಹಳೆಯ ಬೇರುಗಳುಂಟು. ಬೆಂಗಳೂರಿನಲ್ಲಿ ೧೯೨೩ರಲ್ಲಿ ಸ್ಥಾಪಿತವಾದ ಪಶುಸಂಗೋಪನೆ ಮತ್ತು ಹೈನುಗಾರಿಕೆಯ ಇಂಪೀರಿಯಲ್ ಸಂಸ್ಥೆಗೆ ೧೯೨೭ರಲ್ಲಿ ಮಹಾತ್ಮಾ ಗಾಂಧಿಯವರು ಆರೋಗ್ಯಕ್ಕಾಗಿ ಆ ಊರಿನಲ್ಲಿ ತಂಗಿದ್ದಾಗ ಹೋಗಿ ದನ ಸಾಕುವ ವಿದ್ಯೆಯನ್ನು ವಿದ್ಯಾರ್ಥಿಯಂತೆ ಕೇಳಿ ತಿಳಿದುಕೊಂಡರು. ಅಲ್ಲಿಯ ಪುಸ್ತಕದಲ್ಲಿ ತಮ್ಮನ್ನು ಸಾಬರಮತಿಯ ರೈತನೆಂದು ಬರೆದರು. ಮುಂದೆ ಹೆಸರಘಟ್ಟದಲ್ಲಿ ಡೆನ್ಮಾರ್ಕ ದೇಶದ ನೆರವಿನಿಂದ ವೀರ್ಯವನ್ನು ಹೆಪ್ಪುಗಟ್ಟಿಸಿ ಹಳ್ಳಿಗಳಿಗೆ ಕಳಿಸುವ ಕೆಲಸ ನಡೆಯಿತು. ೧೯೫೫ರಲ್ಲಿ ಕೊಡಗಿನ ಕೂಡಿಗೆಯಲ್ಲಿ ಡೈರಿಯಾಯಿತು. ೧೯೬೫ರಲ್ಲಿ ಬೆಂಗಳೂರಿನಲ್ಲಿ ಆಯಿತು. ೧೯೭೪-೭೫ರಿಂದ ವಿಶ್ವ ಬ್ಯಾಂಕಿನ ಸಾಲದಿಂದ ದಕ್ಷಿಣದ ಜಿಲ್ಲೆಗಳ ಹಳ್ಳಿಹಳ್ಳಿಗೆ ಸಂಘಗಳಾದವು. ೧೯೮೪ರಲ್ಲಿ ಅದೇ ಇಡಿಯ ರಾಜ್ಯದ ಮಹಾಮಂಡಲವಾಯಿತು. ನಾಟಿ ಹಸು ದಿನಕ್ಕೆ ಎರಡು ಮೂರು ಲೀಟರು ಕರೆದರೆ ಮಿಶ್ರತಳಿಯದು ಸರಾಸರಿ ಆರೇಳು ಲೀಟರು ಕರೆಯುವದು. ಹೀಗಿರುವಾಗ ದನ ಇಳಿದು ಹಾಲು ಏರಿದ್ದರಲ್ಲಿ ಇಂದ್ರಜಾಲವೇನೂ ಇಲ್ಲ.

ಈಗ ಡಂಗುರದವರ ಮಾತಿಗೆ ಬರುವೆವು. ನಮ್ಮ ನಿಜವಾದ ಜಗಳವಿರುವದು ಅವರೊಡನೆ.

ಅಮೇರಿಕ ದೇಶದಲ್ಲಿ ೧೯೪೪ರಲ್ಲಿ ಹಾಲು ಕರೆಯುವ ಹಸುಗಳು ಎರಡೂವರೆ ಕೋಟಿಗೂ ಹೆಚ್ಚು ಇದ್ದವು. ೨೦೦೭ರ ಹೊತ್ತಿಗೆ ಅವು ೯೨ ಲಕ್ಷಕ್ಕೆ ಇಳಿದವು. ಹಾಲು ಮಾತ್ರ ಒಂದೂವರೆ ಪಟ್ಟಿಗೂ ಹೆಚ್ಚಾಯಿತು. ನಮ್ಮ ಕಥೆಯೇ ಇನ್ನೂ ದೊಡ್ಡ ಅಕ್ಷರಗಳಲ್ಲಿ ಬರೆದಂತಿದೆಯಲ್ಲವೆ? ಆದರೆ ಅಲ್ಲಿ ಮೂರನೆಯ ಒಂದು ಅಂಕೆಯೂ ಉಂಟು. ಹಾಲು ಮಾರುವ ಪರವಾನಗಿಯುಳ್ಳ ಹಿಡುವಳಿಗಳು ೨೦೦೩ರಲ್ಲಿ ೭೦ ಸಾವಿರವಿದ್ದವು, ೨೦೨೩ರಲ್ಲಿ ೨೬ ಸಾವಿರಕ್ಕೆ ಬಂದವು. ಹಸು ಕಡಿಮೆಯಾಯಿತು, ಹಾಲು ಹೆಚ್ಚಾಯಿತು, ಹಾಲು ಕರೆಯುವ ಮನೆತನಗಳು ಅಳಿದವು. ಅಲ್ಲಿ ಹಾಗೆ ಹೋದವರಿಗೆ ಕಾರಖಾನೆಯೋ ಪಟ್ಟಣವೋ ದಾರಿ ತೋರಿಸಿತೆನ್ನೋಣ. ಹರಿಹರದವರಿಗೆ ಕಾರಖಾನೆಯ ನೆಚ್ಚಿಗೆ ಎಷ್ಟೆಂಬದು ಗೊತ್ತು. ೧೯೪೧ರಲ್ಲಿ ಹುಟ್ಟಿ ಊರನ್ನೇ ಬೆಳೆಸಿದ ಮೈಸೂರು ಕಿರ್ಲೋಸ್ಕರ ಯಂತ್ರಾಗಾರವು ೨೦೦೧ರಲ್ಲಿ ಬಾಗಿಲು ಹಾಕಿದ್ದನ್ನು ಕಂಡವರು ಅವರು. ದಾವಣಗೆರೆಯ ಹತ್ತಿಯ ಗಿರಣಿಗಳ ಕಥೆಯನ್ನು ಮತ್ತೆ ಹೇಳಬೇಕಾಗಿಲ್ಲ.

ನಮ್ಮಲ್ಲಿ ಈ ಮೂರನೆಯ ಅಂಕೆ ಎಲ್ಲಿದೆ? ಹಾಲಿನ ಸಂಘಗಳಲ್ಲಿ ಹೆಸರು ಬರೆಯಿಸಿದವರು ಇಪ್ಪತ್ತೈದು ಲಕ್ಷಕ್ಕೂ ಮೇಲ್ಪಟ್ಟಿರುವರು; ಆದರೆ ನಿಜವಾಗಿ ದಿನವೂ ಹಾಲು ತಂದು ಹಾಕುವವರು ಅವರಲ್ಲಿ ಅರ್ಧದಷ್ಟೂ ಇಲ್ಲ. ಉಳಿದವರೇನಾದರು? ಕೆಲವರು ತೀರಿಹೋಗಿರಬಹುದು, ಕೆಲವರ ಹಸು ಬತ್ತಿರಬಹುದು, ಕೆಲವರು ಖಾಸಗಿಯವರಿಗೆ ಹಾಕುತ್ತಿರಬಹುದು. ಕೊಟ್ಟಿಗೆಯನ್ನೇ ಕಿತ್ತು ಮನೆಗೆ ಕೋಣೆ ಕಟ್ಟಿಸಿದವರು ಎಷ್ಟು ಜನ? ಕೋಟಿ ಲೀಟರಿನ ಹಬ್ಬದ ಭಾಷಣಗಳಲ್ಲಿ ಈ ಪ್ರಶ್ನೆಯನ್ನು ಯಾರೂ ಎತ್ತಲಿಲ್ಲ. ಹತ್ತು ಮನೆಯವರು ಎರಡೆರಡು ಹಸು ಕಟ್ಟಿ ತಂದ ಹಾಲಿಗೂ, ಒಬ್ಬನೇ ಇಪ್ಪತ್ತು ಹಸು ಕಟ್ಟಿ ತಂದ ಹಾಲಿಗೂ ಲೀಟರಿನಲ್ಲಿ ಭೇದವಿಲ್ಲ, ಊರಿನಲ್ಲಿ ಭೇದವುಂಟು.

ತುಂಗಭದ್ರೆಯ ಬದಿಯ ಸಾರಥಿಯಂಥ ಒಂದು ಹಳ್ಳಿಯಲ್ಲಿ ಎರಡು ಮಿಶ್ರತಳಿಯ ಹಸು ಕಟ್ಟಿದ, ಎರಡೆಕರೆಯ ಒಂದು ಮನೆಯನ್ನು ವಾಚಕರು ಕಲ್ಪಿಸಿಕೊಳ್ಳಲಿ. ಒಂದು ಹಸು ಕರೆಯುತ್ತಿದೆ, ಇನ್ನೊಂದು ಬತ್ತಿದೆ. ಕರೆಯುವದು ದಿನಕ್ಕೆ ಹತ್ತು ಲೀಟರು ಕೊಟ್ಟರೆ, ಎರಡೂವರೆ ಲೀಟರಿಗೆ ಒಂದು ಕಿಲೋ ಹಿಂಡಿಯೆಂಬ ಪಶುವೈದ್ಯರ ಸೂತ್ರದಂತೆ ನಾಲ್ಕು ಕಿಲೋ, ಮೈಯ ಪೋಷಣೆಗೆ ಮತ್ತೆ ಒಂದೂವರೆ ಕಿಲೋ ಹಾಕಬೇಕು. ಹಸಿರು ಮೇವು ಇಪ್ಪತ್ತು ಇಪ್ಪತ್ತೈದು ಕಿಲೋ, ಮೇಲೆ ಒಣಹುಲ್ಲು. ಬತ್ತಿದ ಹಸುವಿಗೂ ಹೊಟ್ಟೆಯುಂಟು. ಗಬ್ಬದ ಕೊನೆಯ ತಿಂಗಳುಗಳಲ್ಲಿ ಅದಕ್ಕೂ ಹಿಂಡಿಯನ್ನಿಡಬೇಕು. ಹಸುವು ಇಪ್ಪತ್ತೊಂದು ದಿನಕ್ಕೊಮ್ಮೆ ಬೆದೆಗೆ ಬರುವದು. ಅದನ್ನು ಮನೆಯ ಹೆಂಗಸು ಗುರುತಿಸದಿದ್ದರೆ, ಗುರುತಿಸಿದರೂ ಇಂಜೆಕ್ಷನ್ ಕೊಡುವವನು ಹೊತ್ತಿಗೆ ಬಾರದಿದ್ದರೆ, ಇಪ್ಪತ್ತೊಂದು ದಿನದ ಕೂಳು ದಂಡವಾಯಿತು. ಹದಿಮೂರು ತಿಂಗಳಿಗೆ ಕರು ಹಾಕಬೇಕಾದ ಹಸು ಹದಿನೆಂಟು ತಿಂಗಳಿಗೆ ಹಾಕಿದರೆ ಲಾಭವೆಲ್ಲ ಆ ಐದು ತಿಂಗಳಲ್ಲಿಯೇ ಕರಗಿತು. ಈ ಮನೆಯು ಮೇವನ್ನು ತನ್ನ ಹೊಲದಿಂದಲೋ ಊರ ಬಯಲಿನಿಂದಲೋ ತಂದರೆ ಕೈಯಲ್ಲಿ ನಾಲ್ಕು ಕಾಸು ಉಳಿಯುವದು. ಮೇವನ್ನೂ ಕೊಂಡು ತಂದರೆ ಒಂದು ಹಸುವಿನ ಹಾಲಿನಿಂದ ಎರಡು ಹಸುವಿನ ಹೊಟ್ಟೆ ತುಂಬಿಸುವದರಲ್ಲಿಯೇ ತಿಂಗಳು ಮುಗಿಯುವದು. ಹೆಣ್ಣುಮಗಳ ದುಡಿಮೆಯನ್ನಂತೂ ಯಾರೂ ಲೆಕ್ಕಕ್ಕೆ ಹಿಡಿದೇ ಇಲ್ಲ. ೨೦೨೨ರಲ್ಲಿ ಬಂದ ಚರ್ಮಗಂಟಿನ ರೋಗದಲ್ಲಿ ರಾಜ್ಯದ ಸಾವಿರಾರು ದನಗಳು ಸತ್ತವು. ಇಪ್ಪತ್ತು ಹಸುವಿದ್ದವನಿಗೆ ಒಂದು ಸತ್ತರೆ ನಷ್ಟ, ಎರಡಿದ್ದವನಿಗೆ ಒಂದು ಸತ್ತರೆ ಕಸುಬೇ ಹೋಯಿತು. ಮುದಿ ದನಗಳ ಮತ್ತು ಗಂಡುಕರುಗಳ ಪ್ರಶ್ನೆಯೂ ಇದಕ್ಕೆ ಅಂಟಿಕೊಂಡಿದೆ. ೧೯೬೪ರ ಕಾಯಿದೆಯು ಹನ್ನೆರಡು ವರ್ಷ ಮೀರಿದ ಎತ್ತುಗಳ ವಿಲೇವಾರಿಗೆ ಎಡೆಗೊಟ್ಟಿತ್ತು; ೨೦೨೧ರಲ್ಲಿ ಜಾರಿಗೆ ಬಂದ ಕಾಯಿದೆಯು ಆ ಎಡೆಯನ್ನು ಮುಚ್ಚಿತು. ಧರ್ಮದೃಷ್ಟಿಯಿಂದ ಇದು ಸರಿಯೋ ತಪ್ಪೋ ಎಂಬ ವಾದಕ್ಕೆ ನಾವಿಲ್ಲಿ ಕೈಹಾಕುವದಿಲ್ಲ. ಆ ದನವನ್ನು ಸಾಯುವ ತನಕ ಸಾಕುವ ಭಾರವು ಎರಡೆಕರೆಯವನ ಮೇಲೆಯೇ ಬಿತ್ತೆಂಬದನ್ನು ಮಾತ್ರ ಹೇಳುವೆವು.

ಹೀಗೆ ಎಲ್ಲವೂ ತಿರುಗಿ ಮೇವಿಗೆ ಬಂದು ನಿಲ್ಲುವದು. ಭತ್ತದ ಸೀಮೆಯಲ್ಲಿ ಹುಲ್ಲಿಗೇನು ಬರವೆಂದು ಕೇಳುವವರುಂಟು. ಕುಡುಗೋಲಿನಿಂದ ಕೊಯ್ದು ಕಣದಲ್ಲಿ ಬಡಿದ ಕಾಲದಲ್ಲಿ ಹುಲ್ಲು ಬುಡದಿಂದ ತುದಿಯ ತನಕ ಕೈಗೆ ಬಂದು ಬಣವೆಯೇರುತ್ತಿತ್ತು. ಕೊಯ್ಯುವ ಯಂತ್ರವು ಹುಲ್ಲನ್ನು ತುಳಿದು ಕತ್ತರಿಸಿ ಗದ್ದೆಯಲ್ಲಿ ಚೆಲ್ಲಿಹೋಗುವದು. ಮತ್ತೆ ಸುರುಳಿ ಸುತ್ತುವ ಇನ್ನೊಂದು ಯಂತ್ರವನ್ನು ತರಿಸಿದರೆ ಉಂಟು, ಇಲ್ಲವಾದರೆ ಅಲ್ಲಿಯೇ ಸುಟ್ಟರು. ಎಷ್ಟಾದರೂ ಭತ್ತದ ಹುಲ್ಲು ಹೊಟ್ಟೆ ತುಂಬಿಸುವದೇ ಹೊರತು ಹಾಲು ತುಂಬಿಸುವದಿಲ್ಲ. ದಾವಣಗೆರೆ ಜಿಲ್ಲೆಯು ಮೆಕ್ಕೆಜೋಳಕ್ಕೆ ನಾಡಿನಲ್ಲಿಯೇ ಹೆಸರಾದದ್ದು. ಆ ಕಾಳು ಕೋಳಿಯ ಆಹಾರಕ್ಕೂ ಪಿಷ್ಟದ ಕಾರಖಾನೆಗಳಿಗೂ ಹೋಗುವದು. ಅದೇ ಬೆಳೆಯನ್ನು ಕಾಳು ಹಾಲುಗಟ್ಟಿದ ಹೊತ್ತಿನಲ್ಲಿ ಕಡಿದು, ಕೊಚ್ಚಿ, ಗಾಳಿಯಾಡದಂತೆ ತುಳಿದು ಗುಂಡಿಯಲ್ಲಿ ಮುಚ್ಚಿದರೆ ಬೇಸಿಗೆಗೆ ರಸಮೇವಾಗುವದು. ಇದು ಕಷ್ಟದ ವಿದ್ಯೆಯಲ್ಲ. ಆದರೆ ಎರಡೆಕರೆಯವನೊಬ್ಬನೇ ಮಾಡುವ ಕೆಲಸವೂ ಅಲ್ಲ. ಹಾಲಿನ ಸಂಘವು ಹಾಲನ್ನು ಕೂಡಿಸಿದಂತೆ ಮೇವನ್ನೂ ಕೂಡಿಸಬೇಕು. ಹಾಲನ್ನು ಒಯ್ಯುವದಕ್ಕೆ ಪ್ರತಿದಿನ ಬೆಳಗ್ಗೆ ಬರುವ ಗಾಡಿಯು ಮೇವನ್ನು ತರುವದಕ್ಕೆ ಯಾಕೆ ಬರಬಾರದು?

ಇನ್ನು ನಾವು ಆರಂಭದಲ್ಲಿ ಮುಂದೂಡಿದ ಮಾತು. ಗೋಮಾಳವೆಂದರೆ ಊರಿನ ದನ ಮೇಯಲೆಂದು ಸರಕಾರವು ತೆಗೆದಿಟ್ಟ ಭೂಮಿ. ಅದು ಎಷ್ಟಿರಬೇಕೆಂಬದನ್ನು ೧೯೬೬ರ ಭೂಕಂದಾಯ ನಿಯಮಗಳು ದನಗಳ ತಲೆಯ ಮೇಲೆ ಗೊತ್ತುಮಾಡಿವೆ: ನೂರು ದನಗಳಿಗೆ ಮೂವತ್ತು ಎಕರೆ. ಊರಿನಲ್ಲಿ ಸಾವಿರ ದನವಿದ್ದರೆ ಮುನ್ನೂರು ಎಕರೆ. ದನ ಏಳುನೂರಕ್ಕೆ ಇಳಿದರೆ ಇನ್ನೂರ ಹತ್ತೇ ಸಾಕು, ಉಳಿದ ತೊಂಬತ್ತು ಎಕರೆ ಹೆಚ್ಚುವರಿ. ಹೆಚ್ಚುವರಿಯೆಂದಾದ ಭೂಮಿಗೆ ಬೇಡಿಕೆ ಎಷ್ಟೆಂಬದನ್ನು ಹೇಳಬೇಕೆ? ನಿವೇಶನಕ್ಕೆ, ಕಟ್ಟಡಕ್ಕೆ, ಸಾಗುವಳಿಯ ಸಕ್ರಮಕ್ಕೆ, ಅರ್ಜಿಗಳು ಮೊದಲೇ ಸಿದ್ಧವಾಗಿರುವವು. ಗಣತಿಯಿಂದ ಗಣತಿಗೆ ದನ ಇಳಿದಂತೆ ಗೋಮಾಳವೂ ನ್ಯಾಯಬದ್ಧವಾಗಿಯೇ ಕರಗುವದು. ಯಾರೂ ಒತ್ತುವರಿ ಮಾಡಬೇಕಾಗಿಲ್ಲ. ಇದರಲ್ಲಿರುವ ಅವಿವೇಕವನ್ನು ನೋಡಿರಿ. ನಿಯಮವು ತಲೆಯನ್ನು ಎಣಿಸುವದು, ಹೊಟ್ಟೆಯನ್ನು ಎಣಿಸುವದಿಲ್ಲ. ಅರೆಹೊಟ್ಟೆಯಲ್ಲಿ ಮೇಯ್ದು ಬಂದು ಎರಡು ಲೀಟರು ಕರೆಯುವ ಸಣ್ಣ ನಾಟಿ ಹಸುವೂ ಒಂದು ತಲೆ, ದಿನಕ್ಕೆ ಮೂವತ್ತು ಕಿಲೋ ಮೇವನ್ನು ತಿನ್ನುವ ನಾನೂರು ಕಿಲೋ ತೂಕದ ಮಿಶ್ರತಳಿಯ ಹಸುವೂ ಒಂದು ತಲೆ. ಹಾಲು ಇಮ್ಮಡಿಯಾಯಿತೆಂದರೆ ಮೇವಿನ ಬೇಡಿಕೆಯು ಹೆಚ್ಚಿತೆಂದೇ ಅರ್ಥ. ಅಂಥ ಕಾಲದಲ್ಲಿ ಮೇವಿನ ಭೂಮಿಯು ಬೇಡವಾಯಿತೆಂದು ಲೆಕ್ಕವು ಹೇಳುವದು. ಮಿಶ್ರತಳಿಯ ಹಸು ಬಯಲಿನಲ್ಲಿ ಮೇಯುವದಿಲ್ಲವಷ್ಟೆ, ಗೋಮಾಳವೇಕೆಂದು ಕೇಳುವವರಿಗೆ ನಮ್ಮ ಉತ್ತರವಿಷ್ಟೆ: ಮೇಯುವದಕ್ಕೆ ಬೇಡವಾದರೆ ಮೇವು ಬೆಳೆಯುವದಕ್ಕೆ ಬೇಕು. ಹಾಲಿನ ಸಂಘಕ್ಕೋ ಹೆಂಗಸರ ಸಹಕಾರಿ ಸಂಘಕ್ಕೋ ಅದನ್ನು ವಹಿಸಿ, ಹುಲ್ಲು, ಮೇವಿನ ಜೋಳ, ಅಗಸೆ, ನುಗ್ಗೆಗಳನ್ನು ಬೆಳೆಯಿಸಿ, ಭೂಮಿಯಿಲ್ಲದವನ ಹಸುವಿಗೂ ಪಾಲು ಸಿಕ್ಕುವಂತೆ ಮಾಡಬಹುದು. ನೆರೆಯ ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆಯ ಕಡೆ ಹತ್ತು ಸಾವಿರ ಎಕರೆಯಷ್ಟು ಕಾವಲು ಭೂಮಿಯು ೨೦೦೯ರಿಂದೀಚೆಗೆ ರಕ್ಷಣಾ, ವಿಜ್ಞಾನ, ಅಣುಶಕ್ತಿಯ ಸಂಸ್ಥೆಗಳ ಬೇಲಿಯೊಳಗೆ ಹೋಯಿತು. ಆ ಸಂಸ್ಥೆಗಳು ದೇಶಕ್ಕೆ ಬೇಕಾದವು; ಅದರೆ ಆ ಹುಲ್ಲನ್ನು ನಂಬಿದ್ದ ಕುರಿಗಾರರನ್ನೂ ದನಗಾರರನ್ನೂ ಮೊದಲೇ ಕೇಳಿದ್ದರೆ ಅವರು ನ್ಯಾಯಾಸನದ ಮೆಟ್ಟಲು ಹತ್ತಬೇಕಾಗುತ್ತಿರಲಿಲ್ಲ.

ಪಟ್ಟಣದ ನಮ್ಮ ವಾಚಕರಿಗೆ ಒಂದು ಮಾತು. ೨೦೨೩ರ ಆಗಸ್ಟ್ ಒಂದರಂದು ಲೀಟರಿಗೆ ಮೂರು ರೂಪಾಯಿ, ೨೦೨೫ರ ಏಪ್ರಿಲ್ ಒಂದರಂದು ನಾಲ್ಕು ರೂಪಾಯಿ ಹಾಲಿನ ಬೆಲೆ ಏರಿದಾಗ ಕಾಫಿಯ ಮೇಜಿನ ಸುತ್ತ ಎದ್ದ ಗದ್ದಲವು ನಮಗೆ ನೆನಪಿದೆ. ಏರಿದ್ದು ಹಳ್ಳಿಗೆ ಮುಟ್ಟಿತೋ ಎಂದು ಕೇಳುವ ಹಕ್ಕು ಅವರಿಗಿದೆ, ಕೇಳಬೇಕು. ಹಾಲು ಹೆಚ್ಚಾದ ತಿಂಗಳುಗಳಲ್ಲಿ ಒಕ್ಕೂಟಗಳು ಖರೀದಿಯ ದರವನ್ನು ಇಳಿಸುವದುಂಟು. ೨೦೦೮ರಲ್ಲಿ ಎರಡು ರೂಪಾಯಿಯಿಂದ ಮೊದಲಾಗಿ ೨೦೧೩ರಲ್ಲಿ ನಾಲ್ಕು, ೨೦೧೬ರಲ್ಲಿ ಐದಾದ ಸರಕಾರದ ಪ್ರೋತ್ಸಾಹಧನವು ತಿಂಗಳುಗಟ್ಟಲೆ ಬಾಕಿ ಬಿದ್ದದ್ದೂ ಉಂಟು. ಆದರೆ ಬೆಲೆಯು ಏರಲೇಬಾರದೆಂಬವರು, ಎರಡು ಹಸುವಿನವನು ಹೋದ ಮೇಲೆ ಹಾಲು ಯಾರ ಕೈಯಲ್ಲಿರುವದೆಂಬದನ್ನೂ ಆಲೋಚಿಸಬೇಕು. ೨೦೨೩ರಲ್ಲಿ ಹೊರನಾಡಿನ ಹಾಲು ಬೆಂಗಳೂರಿಗೆ ಬರುವದೆಂದಾಗ ನಂದಿನಿಯು ನಮ್ಮದೆಂದು ಕೂಗಿದವರಲ್ಲಿ ನಾವೂ ಇದ್ದೆವು. ನಮ್ಮದೆಂಬ ಮಾತು ಪೊಟ್ಟಣದ ಮೇಲಿನ ಹೆಸರಿಗಷ್ಟೇ ಅನ್ವಯಿಸುವದಾದರೆ ಆ ಕೂಗಿಗೆ ಬೆಲೆಯೇನು?

ಶಿಕ್ಷಕರು ಈ ವಿಷಯವನ್ನು ದಿನವೂ ಕೈಯಲ್ಲಿ ಹಿಡಿದವರು. ೨೦೧೩ರ ಆಗಸ್ಟ್ ಒಂದರಂದು ಆರಂಭವಾದ ಕ್ಷೀರಭಾಗ್ಯ ಯೋಜನೆಯಂತೆ ಶಾಲೆಯ ಮಕ್ಕಳಿಗೆ ತಲೆಗೆ ೧೮ ಗ್ರಾಮು ಪುಡಿಯಿಂದ ೧೫೦ ಮಿಲಿಲೀಟರು ಹಾಲನ್ನು ಕಾಸಿ ಕೊಡುವ ಪದ್ಧತಿ ಬಂದಿತು. ಹಳ್ಳಿಯ ಹಾಲು ಬೆಳಗ್ಗೆ ಕ್ಯಾನಿನಲ್ಲಿ ಊರು ಬಿಟ್ಟು ಹೋಗಿ, ಪುಡಿಯಾಗಿ ಚೀಲದಲ್ಲಿ ಅದೇ ಊರಿಗೆ ತಿರುಗಿ ಬರುವದು ವಿಚಿತ್ರವಾಗಿ ಕಂಡರೂ ಯೋಜನೆಯು ಒಳ್ಳೆಯದೇ. ಹಸು ಕಟ್ಟಿದ ಮನೆಯ ಮಗುವೂ ಶಾಲೆಯ ಲೋಟಕ್ಕಾಗಿ ಕಾದಿರುವದನ್ನು ಕಂಡ ಶಿಕ್ಷಕರ ಮಾತು, ಕೋಟಿ ಲೀಟರಿನ ಮಾತಿಗಿಂತ ನಮಗೆ ಹೆಚ್ಚು ಪ್ರಮಾಣ.

ಹರಿಹರದ ಹೊಳೆಯ ಈಚೆ ಮೈಸೂರು, ಆಚೆ ಮುಂಬಯಿ ಎಂದು ೧೯೫೬ರ ನವೆಂಬರ ಒಂದರ ತನಕ ಬೇರೆ ಬೇರೆ ದೊರೆತನಗಳಿದ್ದವು. ಒಂದೇ ನೀರು ಕುಡಿದ ದನಗಳನ್ನು ಎರಡು ದಫ್ತರುಗಳಲ್ಲಿ ಎಣಿಸುತ್ತಿದ್ದರು. ಪ್ರಾಂತಗಳು ಒಂದಾದವು. ಹಾಲಿನ ನಕಾಶೆಯಲ್ಲಿ ಮಾತ್ರ ಹಳೆಯ ಗೆರೆಗಳು ಇನ್ನೂ ಕಾಣುವವು. ದಕ್ಷಿಣದ ಜಿಲ್ಲೆಗಳಿಗೆ ೧೯೭೪-೭೫ರಲ್ಲಿ ಬಂದ ಸಂಘಗಳು ಉತ್ತರದ ಬಹುಭಾಗಕ್ಕೆ ಹತ್ತು ವರ್ಷ ತಡವಾಗಿ ಮುಟ್ಟಿದವು. ಹಾಸನ, ಕೋಲಾರ, ಮಂಡ್ಯ, ತುಮಕೂರು, ಬೆಂಗಳೂರುಗಳ ಒಕ್ಕೂಟಗಳು ಕೂಡಿಸುವ ಹಾಲಿನ ಎದುರಿಗೆ ಕಲಬುರಗಿ, ವಿಜಯಪುರ, ಬಳ್ಳಾರಿಗಳದು ಏನೇನೂ ಅಲ್ಲ. ಇಡಿಯ ದೇಶಕ್ಕೆ ಸಹಕಾರದ ದಾರಿಯನ್ನು ತೋರಿದ್ದು ೧೯೦೫ರಲ್ಲಿ ಸಿದ್ಧನಗೌಡ ಸಣ್ಣರಾಮನಗೌಡ ಪಾಟೀಲರು ಗದಗಿನ ಹತ್ತಿರದ ಕಣಗಿನಹಾಳದಲ್ಲಿ ಕಟ್ಟಿದ ಸಂಘವೆಂಬದನ್ನು ನೆನೆದರೆ ಈ ಹಿಂದುಳಿತವು ಇನ್ನೂ ಕಹಿಯಾಗುವದು. ದಾವಣಗೆರೆಯ ಹಾಲು ಶಿವಮೊಗ್ಗೆಯ ಒಕ್ಕೂಟಕ್ಕೆ ಸೇರಿದ್ದು. ಜಿಲ್ಲೆಗೆ ತನ್ನದೇ ಒಕ್ಕೂಟ ಬೇಕೆಂಬ ಬೇಡಿಕೆಯು ಈ ಭಾಗದಲ್ಲಿ ಎದ್ದಿದೆ. ಬೇಡಿಕೆಯು ತಪ್ಪಲ್ಲ. ಹೊಸ ಒಕ್ಕೂಟವೆಂದರೆ ಹೊಸ ಅಧ್ಯಕ್ಷರು, ಹೊಸ ಕಟ್ಟಡ, ಹೊಸ ಮೋಟಾರುಗಳೆಂದಷ್ಟೇ ಆದರೆ ಅದರಿಂದ ಸಾರಥಿಯ ಕೊಟ್ಟಿಗೆಗೆ ಒಂದು ಹಿಡಿ ಹುಲ್ಲೂ ಹೆಚ್ಚಲಾರದೆಂಬದನ್ನು ಚಳವಳಿಗಾರರು ಮರೆಯಬಾರದು.

ಇಪ್ಪತ್ತೊಂದನೆಯ ಗಣತಿಯಲ್ಲಿ ಎಣಿಸುವವರು ಕಾಗದದ ಬದಲು ಮೊಬೈಲು ಯಂತ್ರದಲ್ಲಿಯೇ ಪ್ರತಿಯೊಂದು ಮನೆಯ ದನವನ್ನು ಬರೆದುಕೊಂಡರು. ಆದುದರಿಂದ ಮನೆಗೆ ಎಷ್ಟು ದನವೆಂಬ ಲೆಕ್ಕವನ್ನು ತಾಲೂಕುವಾರು, ಗ್ರಾಮವಾರು ತೆಗೆಯುವದು ಕಷ್ಟವಲ್ಲ. ಒಂದು ದನವಿದ್ದ ಮನೆಗಳೆಷ್ಟು, ಎರಡಿದ್ದವು ಎಷ್ಟು, ಹತ್ತು ಮೀರಿದವು ಎಷ್ಟು, ೨೦೧೯ರಲ್ಲಿ ದನವಿದ್ದು ಈಗ ಇಲ್ಲದ ಮನೆಗಳೆಷ್ಟು ಎಂಬದನ್ನು ಒಟ್ಟು ಸಂಖ್ಯೆಯ ಜೊತೆಗೇ ಪ್ರಕಟಿಸಬೇಕು. ಮಹಾಮಂಡಲವು ದಿನದ ಲೀಟರನ್ನು ಸಾರಿದಂತೆ ದಿನದ ಹಾಲು ಹಾಕಿದವರ ಸಂಖ್ಯೆಯನ್ನೂ ಸಾರಬೇಕು. ಈ ಅಂಕೆಗಳು ಕೈಗೆ ಬರುವ ತನಕ ದನ ಇಳಿಯಿತೆಂಬ ಕಾರಣದಿಂದ ಯಾವ ಊರಿನ ಗೋಮಾಳವನ್ನೂ ಹೆಚ್ಚುವರಿಯೆಂದು ಬರೆಯಕೂಡದು. ಹರಿಹರ, ದಾವಣಗೆರೆ, ರಾಣೇಬೆನ್ನೂರು ತಾಲೂಕುಗಳ ಗ್ರಾಮ ಪಂಚಾಯತಿಗಳು ಮುಂದಿನ ಗ್ರಾಮಸಭೆಯಲ್ಲಿಯೇ ಈ ಮೇರೆಗೆ ಠರಾವು ಮಾಡಿ, ತಮ್ಮ ಊರಿನ ಗೋಮಾಳದ ಸರ್ವೆ ನಂಬರುಗಳನ್ನೂ ಎಕರೆಗಳನ್ನೂ ಚಾವಡಿಯ ಗೋಡೆಯ ಮೇಲೆ ಬರೆಯಿಸಲಿ. ಅಕ್ಷರ ಬಲ್ಲ ಶಿಕ್ಷಕರು ಅದಕ್ಕೆ ಕೈಗೂಡಿಸಲಿ.